ಕಡಕೋಳದ ಕಲ್ಲುಗಳು ಮತ್ತು ನಮ್ಮ ಮಕ್ಕಳ ಕಾನೂನು ಓದು

2024ರ ಅಕ್ಟೋಬರ್ ಕೊನೆಯ ದಿನಗಳಲ್ಲಿ ಸವಣೂರು ತಾಲೂಕಿನ ಕಡಕೋಳ ಗ್ರಾಮದ ಮುಸ್ಲಿಮರ ಮನೆಗಳ ಮೇಲೆ ರಾತ್ರಿವೇಳೆ ಕಲ್ಲುಗಳು ಬಿದ್ದವು. ವಕ್ಫ್ ಮಂಡಳಿಯು ಊರಿನ ಆಸ್ತಿಗಳನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲಿದೆ ಎಂಬ ವದಂತಿಯೇ ಅದಕ್ಕೆ ಕಾರಣವಾಗಿತ್ತು. ತಲೆಮಾರುಗಳಿಂದ ಒಂದೇ ಬಾವಿಯ ನೀರು ಕುಡಿದವರು, ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕಳೆ ತೆಗೆದವರು ಒಂದು ರಾತ್ರಿಯಲ್ಲಿ ಪರಸ್ಪರ ಅಪರಿಚಿತರಾದರು. ಕೆಲವರು ಗಾಯಗೊಂಡರು. ಪೊಲೀಸರು ಹಲವರನ್ನು ಬಂಧಿಸಿದರು. ಶಿಗ್ಗಾವಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಗೆ ಆಗ ಎರಡು ವಾರಗಳಷ್ಟೇ ಉಳಿದಿದ್ದವು ಎಂಬುದನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ನವೆಂಬರ್ 13ರಂದು ಮತದಾನವಾಯಿತು, ಫಲಿತಾಂಶ ಬಂತು, ರಾಜಕಾರಣಿಗಳು ಬೇರೆ ವಿಷಯಗಳತ್ತ ಹೊರಟುಹೋದರು. ಕಡಕೋಳದವರು ಮಾತ್ರ ಕಡಕೋಳದಲ್ಲೇ ಉಳಿದರು.

ಆ ದಿನಗಳಲ್ಲಿ ನಮ್ಮ ಪಟ್ಟಣಗಳಲ್ಲಿ ನಡೆದ ಚರ್ಚೆಗಳು ಹೇಗಿದ್ದವು? ಒಂದು ಕಡೆಯವರು ‘ನಮ್ಮ ಬಳಿ ಪಹಣಿ ಇದೆ’ ಎಂದರು. ಇನ್ನೊಂದು ಕಡೆಯವರು ‘ನಮ್ಮ ಬಳಿ ಗೆಜೆಟ್ ಇದೆ’ ಎಂದರು. ವಕೀಲರು ವಕ್ಫ್ ಕಾಯ್ದೆಯ ಕಲಮುಗಳನ್ನು ಓದಿ ಹೇಳಿದರು. ಮೌಲಾನಾಗಳು ಒಮ್ಮೆ ಅಲ್ಲಾಹನ ಹೆಸರಿಗೆ ಬಿಟ್ಟದ್ದು ಎಂದೆಂದಿಗೂ ಅಲ್ಲಾಹನದ್ದೇ ಎಂದು ಹೇಳಿದರು. ಎಲ್ಲರ ಮಾತಿನಲ್ಲೂ ಒಂದೊಂದು ತುಂಡು ಸತ್ಯವಿತ್ತು. ಆ ತುಂಡುಗಳನ್ನು ಜೋಡಿಸಿ ಊರಿನ ಜನರಿಗೆ ವಿವರಿಸಬಲ್ಲ ಒಬ್ಬ ವ್ಯಕ್ತಿ ಮಾತ್ರ ಇರಲಿಲ್ಲ. ಅಂಥವನೊಬ್ಬನನ್ನು ತಯಾರು ಮಾಡುವ ಓದು ಯಾವುದು ಎಂಬುದೇ ಈ ಲೇಖನದ ವಿಷಯ.

ಮುಂಬಯಿ ಕರ್ನಾಟಕದ ಒಂದು ಇನಾಂ ಜಮೀನನ್ನೇ ತೆಗೆದುಕೊಳ್ಳಿ. ಬಿಜಾಪುರದ ಆದಿಲ್‌ಶಾಹಿಗಳೋ ಸವಣೂರಿನ ನವಾಬರೋ ಒಂದು ದರ್ಗಾಕ್ಕೆ, ಮಸೀದಿಗೆ, ಹಾಗೆಯೇ ಮಠಕ್ಕೆ, ದೇವಸ್ಥಾನಕ್ಕೆ ಜಮೀನು ಬಿಟ್ಟುಕೊಟ್ಟಿರುತ್ತಾರೆ. ಸನದು ಪಾರ್ಸಿಯಲ್ಲಿರುತ್ತದೆ. ಪೇಶ್ವೆಯವರ ಕಾಲದಲ್ಲಿ ಅದರ ಲೆಕ್ಕ ಮೋಡಿ ಲಿಪಿಗೆ ಇಳಿಯುತ್ತದೆ. ಬ್ರಿಟಿಷರು 1852ರ ಕಾಯ್ದೆಯ ಮೇರೆಗೆ ಇನಾಂ ಕಮಿಷನ್ ಮೂಲಕ ಒಂದೊಂದು ಸನದನ್ನೂ ಜಾಲಾಡಿ, ಕೆಲವನ್ನು ಒಪ್ಪುತ್ತಾರೆ, ಕೆಲವನ್ನು ಕಿತ್ತುಕೊಳ್ಳುತ್ತಾರೆ. ಸ್ವಾತಂತ್ರ್ಯಾನಂತರ ಇನಾಂ ರದ್ದತಿಯ ಕಾನೂನುಗಳು ಬರುತ್ತವೆ. 1954ರ ವಕ್ಫ್ ಕಾಯ್ದೆಯನ್ವಯ ಸಮೀಕ್ಷೆ ನಡೆದು ಗೆಜೆಟ್ ಪ್ರಕಟವಾಗುತ್ತದೆ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಅದೇ ಜಮೀನನ್ನು ಗೇಣಿಗೆ ಉಳುತ್ತಿದ್ದ ರೈತ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳುತ್ತಾನೆ. ಅವನಿಗೆ ಅದನ್ನು ಕೊಟ್ಟದ್ದೂ ಸರಕಾರವೇ, ಅದು ವಕ್ಫ್ ಎಂದು ಗೆಜೆಟಿನಲ್ಲಿ ಅಚ್ಚು ಹಾಕಿಸಿದ್ದೂ ಸರಕಾರವೇ! ಐವತ್ತು ವರ್ಷ ಈ ಎರಡು ಕಾಗದಗಳು ಎರಡು ಕಪಾಟುಗಳಲ್ಲಿ ಪರಸ್ಪರ ಮುಖ ನೋಡದೆ ಮಲಗಿರುತ್ತವೆ. ಒಂದು ದಿನ ಪಹಣಿಯ ಹನ್ನೊಂದನೆಯ ಕಾಲಮಿನಲ್ಲಿ ‘ವಕ್ಫ್’ ಎಂಬ ಅಕ್ಷರ ಕಾಣಿಸಿಕೊಂಡಾಗ ರೈತನ ಎದೆ ಒಡೆಯುತ್ತದೆ.

ಅವನ ಭಯವನ್ನು ಕೇವಲ ಕೋಮುದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ಭಯವನ್ನು ಬಿತ್ತನೆ ಬೀಜವಾಗಿಸಿಕೊಂಡವರ ವಿಷಯ ಬೇರೆ. ವಿಜಯಪುರ ಜಿಲ್ಲೆಯ ಹೊನವಾಡದಲ್ಲಿ 1200 ಎಕರೆ ವಕ್ಫ್ ಪಾಲಾಗುತ್ತದೆ ಎಂದು ರಾಜ್ಯವೇ ಬೊಬ್ಬಿಡುತ್ತಿದ್ದಾಗ ಸರಕಾರ ಕೊಟ್ಟ ವಿವರಣೆ ಏನಾಗಿತ್ತು? ಹಳೆಯ ಗೆಜೆಟಿನಲ್ಲಿ ಊರಿನ ಹೆಸರೊಂದು ತಪ್ಪಾಗಿ ಸೇರಿಕೊಂಡಿತ್ತು, ಅದನ್ನು 1977ರಲ್ಲೇ ತಿದ್ದಲಾಗಿತ್ತು, ಅಲ್ಲಿ ನಿಜವಾಗಿ ವಕ್ಫ್ ಆಗಿರುವುದು ಹನ್ನೊಂದು ಎಕರೆಯಷ್ಟು ಮಾತ್ರ ಎಂದು. ಆ ತಿದ್ದುಪಡಿಯ ಹಾಳೆಯನ್ನು ಹುಡುಕಿ ತೆಗೆಯಲು ಒಬ್ಬ ಇತಿಹಾಸದ ವಿದ್ಯಾರ್ಥಿ ಸಾಕಿದ್ದ. ಅದು ಸಿಗುವ ಹೊತ್ತಿಗೆ ಬೆಂಕಿ ಊರೂರಿಗೆ ಹಬ್ಬಿಯಾಗಿತ್ತು. ನವೆಂಬರ್ ಆರಂಭದಲ್ಲಿ ಮುಖ್ಯಮಂತ್ರಿಗಳು ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿದರು. ಮರುವರ್ಷ ಸಂಸತ್ತು ವಕ್ಫ್ ತಿದ್ದುಪಡಿ ಕಾಯ್ದೆಯನ್ನು ತಂದಿತು, ಸುಪ್ರೀಮ್ ಕೋರ್ಟು 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಅದರ ಕೆಲವು ಅಂಶಗಳಿಗಷ್ಟೇ ತಡೆ ನೀಡಿತು. ಇಷ್ಟೆಲ್ಲ ಆದ ಮೇಲೂ ನಮ್ಮಲ್ಲಿ ಎಷ್ಟು ಜನ ಒಂದು ಪಹಣಿಯನ್ನು ಎಡದಿಂದ ಬಲಕ್ಕೆ ಪೂರ್ತಿ ಓದಬಲ್ಲರು?

ಕಾನೂನು ಎಂದರೆ ಕಲಮುಗಳ ಪಟ್ಟಿ, ವಕೀಲನೆಂದರೆ ಆ ಪಟ್ಟಿಯನ್ನು ಕಂಠಪಾಠ ಮಾಡಿದವನು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ದೀರ್ಘಕಾಲ ನಮ್ಮ ಕಾನೂನು ಕಾಲೇಜುಗಳೂ ಹಾಗೆಯೇ ಕಲಿಸಿದವು. ಬೇರೆ ಯಾವ ಉದ್ಯೋಗವೂ ಸಿಗದ ಪದವೀಧರ ಸಂಜೆ ತರಗತಿಗೆ ಹೋಗಿ ಕರಿಕೋಟು ತೊಡುವುದು ರೂಢಿಯಾಗಿತ್ತು. ಈ ರೂಢಿಯನ್ನು ಮುರಿಯುವ ಪ್ರಯತ್ನ ನಡೆದದ್ದು ನಮ್ಮದೇ ರಾಜ್ಯದಲ್ಲಿ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ವಿಧಾನಮಂಡಲದ 1986ರ ಕಾಯ್ದೆಯ ಮೂಲಕ ಹುಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಅದರ ಮೊದಲ ನಿರ್ದೇಶಕರಾಗಿದ್ದ ಎನ್.ಆರ್. ಮಾಧವ ಮೆನನ್ ಅವರು ಪಿಯುಸಿ ಮುಗಿಸಿದ ಮಕ್ಕಳಿಗೆ ಐದು ವರ್ಷಗಳ ಒಂದೇ ಪಾಠಕ್ರಮವನ್ನು ರೂಪಿಸಿದರು. ಅದರಲ್ಲಿ ಕರಾರು ಕಾನೂನಿನ ಜೊತೆಗೆ ಇತಿಹಾಸವಿತ್ತು, ಸಮಾಜಶಾಸ್ತ್ರವಿತ್ತು, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಿದ್ದವು. ಕಾನೂನು ಎಲ್ಲಿಂದ ಬಂತು, ಯಾರಿಗಾಗಿ ಬಂತು, ಬಂದ ಮೇಲೆ ಯಾರ ಮನೆಯ ಬಾಗಿಲಲ್ಲಿ ನಿಂತುಹೋಯಿತು ಎಂಬುದನ್ನು ತಿಳಿಯದವನು ವಕೀಲನಾಗಬಹುದು, ನ್ಯಾಯದ ಸೇವಕನಾಗಲಾರ ಎಂಬುದು ಅದರ ಹಿಂದಿನ ವಿಚಾರ. ಇಂದು ದೇಶದಾದ್ಯಂತ ಈ ಮಾದರಿಯೇ ಹರಡಿದೆ.

ಈ ವಿಚಾರದ ಬಲ ಏನೆಂಬುದನ್ನು ತಿಳಿಯಲು ಅದಕ್ಕೂ ಹಿಂದಿನ ಒಂದು ಘಟನೆಯನ್ನು ನೋಡಬೇಕು. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಬಡ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಆಕೆಯ ಮೈಮೇಲೆ ಗಾಯಗಳಿರಲಿಲ್ಲ, ಆಕೆ ಪ್ರತಿರೋಧಿಸಿದ್ದಕ್ಕೆ ಪುರಾವೆಯಿಲ್ಲ ಎಂಬ ಕಾರಣವೊಡ್ಡಿ ಸುಪ್ರೀಮ್ ಕೋರ್ಟು 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಠಾಣೆಯ ನಾಲ್ಕು ಗೋಡೆಗಳ ಒಳಗೆ ಒಬ್ಬ ಬಡ ಹುಡುಗಿಯ ಮೌನ ಸಮ್ಮತಿಯೋ, ಭಯದ ಶರಣಾಗತಿಯೋ ಎಂದು ಅವರು ಕೇಳಿದರು. ಈ ಪ್ರಶ್ನೆ ಕಲಮಿನೊಳಗಿನಿಂದ ಹುಟ್ಟಿದ್ದಲ್ಲ. ಬಡತನವನ್ನು, ಜಾತಿಯನ್ನು, ಅಧಿಕಾರವನ್ನು, ಹೆದರಿದ ಮನಸ್ಸನ್ನು ಬಲ್ಲವರಷ್ಟೇ ಅದನ್ನು ಕೇಳಬಲ್ಲರು. ಆ ಪತ್ರದಿಂದ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನೇ ಬದಲಾಯಿತು. ವಶದಲ್ಲಿರುವ ಮಹಿಳೆ ತಾನು ಸಮ್ಮತಿಸಲಿಲ್ಲವೆಂದರೆ ನ್ಯಾಯಾಲಯ ಅದನ್ನು ನಂಬಿಕೊಂಡು ವಿಚಾರಣೆಯನ್ನು ಆರಂಭಿಸಬೇಕು ಎಂಬ ನಿಯಮ ಸಾಕ್ಷ್ಯ ಕಾಯ್ದೆಗೆ ಸೇರಿತು.

ಇಲ್ಲಿ ಹಾನಗಲ್ ತಾಲೂಕಿನ ಪ್ರಕರಣವನ್ನು ಹೇಳದೆ ಮುಂದೆ ಹೋಗುವುದು ಹೇಡಿತನವಾದೀತು.

2024ರ ಜನವರಿ 8ರಂದು ಹಾನಗಲ್ ತಾಲೂಕಿನ ಲಾಡ್ಜೊಂದರಲ್ಲಿ ಅನ್ಯಧರ್ಮೀಯ ಪುರುಷನೊಂದಿಗಿದ್ದ ಮುಸ್ಲಿಮ್ ಮಹಿಳೆಯ ಕೋಣೆಗೆ ಯುವಕರ ಗುಂಪೊಂದು ನುಗ್ಗಿ ಇಬ್ಬರನ್ನೂ ಥಳಿಸಿತು. ಅದನ್ನು ತಾವೇ ಚಿತ್ರೀಕರಿಸಿ ಹರಿಯಬಿಟ್ಟಿತು. ಆ ಯುವಕರು ನಮ್ಮ ಸಮುದಾಯದವರು. ಮೊದಲಿಗೆ ಅದು ‘ನೈತಿಕ ಪೊಲೀಸ್‌ಗಿರಿ’ ಎಂಬ ಹೆಸರಿನಲ್ಲಿ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಆ ಮಹಿಳೆ ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿದೆಯೆಂದು ನ್ಯಾಯಾಧೀಶರ ಮುಂದೆ ಹೇಳಿಕೆ ನೀಡಿದಳು. ಬಂಧನಗಳಾದವು. 2025ರ ಮೇ ತಿಂಗಳಲ್ಲಿ, ಆಕೆ ನ್ಯಾಯಾಲಯದಲ್ಲಿ ಆರೋಪಿಗಳನ್ನು ಗುರುತಿಸಲಿಲ್ಲವೆಂದು ವರದಿಯಾದ ಬಳಿಕ, ಪ್ರಮುಖ ಆರೋಪಿಗಳಿಗೆ ಹಾವೇರಿಯಲ್ಲಿ ಜಾಮೀನು ಸಿಕ್ಕಿತು. ಜಾಮೀನು ಪಡೆದವರನ್ನು ಅಕ್ಕಿಆಲೂರಿನ ಬೀದಿಗಳಲ್ಲಿ ಕಾರು, ಬೈಕುಗಳ ಮೆರವಣಿಗೆಯಲ್ಲಿ ಕರೆತರಲಾಯಿತು. ಅದನ್ನು ಇಡೀ ದೇಶ ನೋಡಿತು. ಪೊಲೀಸರು ಮತ್ತೆ ಪ್ರಕರಣ ದಾಖಲಿಸಬೇಕಾಯಿತು.

ಆರೋಪ ಸತ್ಯವೋ ಸುಳ್ಳೋ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಜಾಮೀನು ಎಂದರೆ ಖುಲಾಸೆಯಲ್ಲ, ಅದು ಆರೋಪಿಯ ಹಕ್ಕಿಗೆ ಸಂಬಂಧಿಸಿದ ವಿಷಯ ಎಂಬುದೂ ಸರಿಯೇ. ಆದರೆ ಒಂದು ವರ್ಷಕ್ಕೂ ಮೀರಿದ ಅವಧಿಯಲ್ಲಿ ಇಂತಹ ಪ್ರಕರಣದ ಸಾಕ್ಷಿಯೊಬ್ಬರ ಮಾತು ಬದಲಾಗುವುದನ್ನು ಸಾಕ್ಷ್ಯದ ಕಾನೂನು ‘ಪ್ರತಿಕೂಲ ಸಾಕ್ಷಿ’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತದೆ. ಸಮಾಜಶಾಸ್ತ್ರ ಅಲ್ಲಿಂದಲೇ ತನ್ನ ಪ್ರಶ್ನೆಗಳನ್ನು ಆರಂಭಿಸುತ್ತದೆ. ಅಂಥ ಮಹಿಳೆಯ ಮನೆಯಲ್ಲಿ ಗಳಿಸುವವರು ಯಾರು? ವಿಚಾರಣೆಯ ದಿನ ಅವಳ ಜೊತೆ ನ್ಯಾಯಾಲಯದ ಮೆಟ್ಟಿಲೇರುವವರು ಯಾರು? ಮೊಹಲ್ಲಾದಲ್ಲಿ ಅವಳ ಮಕ್ಕಳನ್ನು ಯಾವ ಮಾತಿನಿಂದ ಕರೆಯಲಾಗುತ್ತದೆ? ಸಾಕ್ಷಿಗಳ ರಕ್ಷಣೆಗೆ ಸುಪ್ರೀಮ್ ಕೋರ್ಟು 2018ರಲ್ಲೇ ಒಂದು ಯೋಜನೆಯನ್ನು ಮಂಜೂರು ಮಾಡಿ ದೇಶಕ್ಕೆಲ್ಲ ಅನ್ವಯವೆಂದು ಸಾರಿದೆ. ಆ ಯೋಜನೆಯ ಹೆಸರನ್ನಾದರೂ ನಮ್ಮ ತಾಲೂಕಿನ ಎಷ್ಟು ಮಂದಿ ಕೇಳಿದ್ದಾರೆ?

ಮರ್ಯಾದೆಯ ಹೆಸರಿನಲ್ಲಿ ಬಾಗಿಲು ಒಡೆಯುವ ಗುಂಪಿನ ಮನಸ್ಸೂ ಅಧ್ಯಯನದ ವಿಷಯವೇ. ಪರರ ಮನೆಗೆ ಅನುಮತಿಯಿಲ್ಲದೆ ಪ್ರವೇಶಿಸಬೇಡಿರಿ, ಪರರ ಗುಟ್ಟನ್ನು ಕೆದಕಬೇಡಿರಿ ಎಂಬುದು ಕುರ್‌ಆನಿನ ಸ್ಪಷ್ಟ ಆದೇಶ. ಒಬ್ಬ ಸ್ತ್ರೀಯ ಶೀಲದ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ ಛಡಿಯೇಟಿನ ಶಿಕ್ಷೆಯನ್ನು ಹೇಳಿದ ಶರೀಅತ್ತಿನ ಅನುಯಾಯಿಗಳೆಂದು ಹೇಳಿಕೊಳ್ಳುವವರು ಕ್ಯಾಮರಾ ಹಿಡಿದು ಒಳನುಗ್ಗಿದರು. ಇದನ್ನು ಧರ್ಮದ ಅಜ್ಞಾನವೆನ್ನೋಣವೇ? ಅದಷ್ಟೇ ಆಗಿದ್ದರೆ ಒಂದು ಖುತ್ಬಾದಿಂದ ಸರಿಹೋಗುತ್ತಿತ್ತು. ಶಾಲೆ ಬಿಟ್ಟ, ಗೌರವಯುತ ದುಡಿಮೆಯಿಲ್ಲದ, ಊರಿನಲ್ಲಿ ತನಗೂ ಒಂದು ಅಧಿಕಾರವಿದೆಯೆಂದು ತೋರಿಸಿಕೊಳ್ಳಲು ಹಾತೊರೆಯುವ ಯುವಕರು ನಮ್ಮ ಪಟ್ಟಣಗಳ ತಿರುವುಗಳಲ್ಲೆಲ್ಲ ನಿಂತಿದ್ದಾರೆ. ಕರಾವಳಿಯಲ್ಲಿ ಬೇರೆ ಬಣ್ಣದ ಶಾಲು ಹೊದ್ದು ಇದೇ ಕೆಲಸ ಮಾಡುವವರನ್ನು ನಾವು ಪುಟಗಟ್ಟಲೆ ಖಂಡಿಸಿದ್ದೇವೆ. ಹಾನಗಲ್ಲಿನ ವಿಷಯದಲ್ಲಿ ಒಂದು ಪಕ್ಷ ಆ ಮಹಿಳೆಯನ್ನು ನಮ್ಮ ಸಮುದಾಯಕ್ಕೆ ಹೊಡೆಯುವ ಕೋಲಾಗಿಸಿಕೊಂಡಿತು. ಇನ್ನೊಂದು ಪಕ್ಷ ಮತ ಲೆಕ್ಕ ಹಾಕುತ್ತ ಮೆಲುದನಿಯಲ್ಲಿ ಮಾತಾಡಿತು. ಅವಳ ಪರವಾಗಿ ಒಬ್ಬ ವಕೀಲೆಯನ್ನು, ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಳುಹಿಸಲು ನಮ್ಮ ಜಮಾಅತ್‌ಗಳಿಗೆ ಸಾಧ್ಯವಿತ್ತು. ಕಳುಹಿಸೋಣವೆಂದರೂ ನಮ್ಮಲ್ಲಿ ಅಂಥವರು ಎಷ್ಟಿದ್ದಾರೆ?

ನಮ್ಮ ಪರಂಪರೆಯಲ್ಲಿ ಕಾನೂನು ಎಂದೂ ಒಂಟಿ ವಿದ್ಯೆಯಾಗಿರಲಿಲ್ಲ ಎಂಬುದನ್ನು ಮದ್ರಸಾದ ಯಾವ ವಿದ್ಯಾರ್ಥಿಯೂ ಬಲ್ಲ. ಇಮಾಮ್ ಅಬೂ ಹನೀಫಾ ಬಟ್ಟೆಯ ವ್ಯಾಪಾರಿಯಾಗಿದ್ದರು. ಕೊಡುಕೊಳ್ಳುವಿಕೆಯ ಕುರಿತ ಅವರ ನಿಲುವುಗಳಲ್ಲಿ ಕೂಫಾದ ಮಾರುಕಟ್ಟೆಯ ವಾಸನೆಯಿದೆ. ಅವರ ಶಿಷ್ಯ ಅಬೂ ಯೂಸುಫ್ ಖಲೀಫ ಹಾರೂನ್ ರಶೀದರ ಮುಖ್ಯ ಖಾಝಿಯಾಗಿದ್ದುಕೊಂಡೇ ಭೂಕಂದಾಯದ ಬಗ್ಗೆ ಗ್ರಂಥ ಬರೆದರು. ಇಬ್ನ್ ರುಶ್ದ್ ಕೊರ್ಡೋಬಾದ ಖಾಝಿ, ವೈದ್ಯ, ತತ್ವಜ್ಞಾನಿ ಎಲ್ಲವೂ ಆಗಿದ್ದರು. ಸಮಾಜಶಾಸ್ತ್ರದ ಮೂಲಪುರುಷರಲ್ಲಿ ಒಬ್ಬರೆಂದು ಪಾಶ್ಚಾತ್ಯರೂ ಒಪ್ಪುವ ಇಬ್ನ್ ಖಲ್ದೂನ್ ಕೈರೋದಲ್ಲಿ ಖಾಝಿಯಾಗಿ ತೀರ್ಪು ಕೊಟ್ಟವರು. ತನ್ನ ಕಾಲದ ಜನರ ರೂಢಿಯನ್ನು ಅರಿಯದವನು ಫತ್ವಾ ನೀಡಲು ಅರ್ಹನಲ್ಲ ಎಂಬುದು ಹನಫೀ ಪರಂಪರೆಯ ಪ್ರಸಿದ್ಧ ಮಾತು. ನಾವು ಆ ಮಾತನ್ನು ಪರೀಕ್ಷೆಗಾಗಿ ಓದಿದೆವು, ಪಾಸೂ ಆದೆವು. ರೂಢಿಯನ್ನು ಅರಿಯುವ ವಿಧಾನವನ್ನು ಮಾತ್ರ ಯಾರೂ ಕಲಿಸಲಿಲ್ಲ. ಅದಕ್ಕಾಗಿ ಕಲಾ ಕಾಲೇಜಿನ ಮೆಟ್ಟಿಲು ಹತ್ತಬೇಕಾಯಿತು.

ಉದಾಹರಣೆಗೆ ಹೆಣ್ಣುಮಕ್ಕಳ ಪಿತ್ರಾರ್ಜಿತದ ಪಾಲನ್ನು ನೋಡಿ. ಅದು ಕುರ್‌ಆನಿನಲ್ಲೇ ನಿಗದಿಯಾಗಿದೆ. ಈ ಮಸಲೆಯಲ್ಲಿ ಯಾವ ಮದ್‌ಹಬಿಗೂ ಭಿನ್ನಾಭಿಪ್ರಾಯವಿಲ್ಲ. ಹಾಗಿದ್ದೂ ಖೋಜಾ ಮತ್ತು ಮೆಮನ್ ಪಂಗಡಗಳ ಹೆಣ್ಣುಮಕ್ಕಳು 1847ರಲ್ಲಿ ಮುಂಬಯಿಯ ನ್ಯಾಯಾಲಯದಲ್ಲಿ ಈ ಪಾಲನ್ನು ಕೇಳಿದಾಗ, ಅವರಲ್ಲಿ ಹೆಣ್ಣಿಗೆ ಪಾಲು ಕೊಡುವ ರೂಢಿಯಿಲ್ಲ, ರೂಢಿಯೇ ಕಾನೂನು ಎಂದು ನ್ಯಾಯಾಧೀಶ ಅರ್ಸ್ಕಿನ್ ಪೆರಿ ತೀರ್ಪಿತ್ತರು. ಇಂಥ ರೂಢಿಗಳ ವಿರುದ್ಧವೇ 1937ರ ಶರೀಅತ್ ಅನ್ವಯ ಕಾಯ್ದೆ ಬಂತು. ಅದರಲ್ಲೂ ಕೃಷಿಭೂಮಿಯನ್ನು ಹೊರಗಿಡಲಾಯಿತು! ಇಂದು ನಮ್ಮ ಸವಣೂರು, ಹಿರೇಕೆರೂರುಗಳಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುತ್ತಾರೆ. ಅಣ್ಣ ಬಲವಂತ ಮಾಡಿರುವುದಿಲ್ಲ. ಮದುವೆಯಲ್ಲಿ ಕೊಟ್ಟ ವರದಕ್ಷಿಣೆಯೇ ಅವಳ ಪಾಲೆಂದು ಎಲ್ಲರೂ ಲೆಕ್ಕ ಮುಗಿಸಿರುತ್ತಾರೆ. ನಾಳೆ ಗಂಡನ ಮನೆಯಲ್ಲಿ ತೊಂದರೆಯಾದರೆ ಬರಲು ಒಂದು ತವರು ಬೇಕಲ್ಲ ಎಂಬ ಅಳುಕು ಅವಳಿಗಿರುತ್ತದೆ. ಶರೀಅತ್ತು ಇದೆ, ಕಾಯ್ದೆ ಇದೆ, ಸಹಿಯೂ ಕಾನೂನುಬದ್ಧವೇ. ನ್ಯಾಯ ಮಾತ್ರ ಇಲ್ಲ. ವರದಕ್ಷಿಣೆಯ ಅರ್ಥಶಾಸ್ತ್ರವನ್ನೂ ತವರಿನ ಮನಶ್ಶಾಸ್ತ್ರವನ್ನೂ ಅರಿಯದ ಮುಫ್ತಿಯಾಗಲೀ ವಕೀಲನಾಗಲೀ ಈ ಗಂಟನ್ನು ಬಿಡಿಸಲಾರ.

ಹಿಜಾಬಿನ ತೀರ್ಪು ಇದೇ ಕೊರತೆಯ ಇನ್ನೊಂದು ಮುಖ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ತೀರ್ಪು ಕೊಡುವಾಗ ಅಬ್ದುಲ್ಲಾ ಯೂಸುಫ್ ಅಲಿಯವರ ಕುರ್‌ಆನ್ ವ್ಯಾಖ್ಯಾನವನ್ನು ಮುಂದಿಟ್ಟುಕೊಂಡು, ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯೇ ಎಂದು ಪರಿಶೀಲಿಸಿತು. ನ್ಯಾಯಮೂರ್ತಿಗಳು ತಫ್ಸೀರ್ ಮಾಡಿದರು, ನಮ್ಮ ಉಲಮಾಗಳು ಸಂವಿಧಾನದ ವಿಧಿಗಳನ್ನು ವ್ಯಾಖ್ಯಾನಿಸಿದರು. ಒಬ್ಬರು ಮಾಡಬೇಕಾದ ಕೆಲಸವನ್ನು ಇನ್ನೊಬ್ಬರು ಮಾಡಿದಂತಾಯಿತು. ಗೇಟಿನಿಂದ ಹಿಂದಿರುಗಿದ ಹುಡುಗಿಯರಲ್ಲಿ ಎಷ್ಟು ಮಂದಿ ಬೇರೆ ಕಾಲೇಜು ಸೇರಿದರು, ಎಷ್ಟು ಮಂದಿಗೆ ಮದುವೆ ಮಾಡಲಾಯಿತು ಎಂಬ ಲೆಕ್ಕವನ್ನು ಆಗ ಯಾರೂ ನ್ಯಾಯಾಲಯದ ಮುಂದೆ ಇಟ್ಟಿರಲಿಲ್ಲ. ಆ ಹುಡುಗಿಯರನ್ನು ಭೇಟಿಯಾಗಿ ಪಿಯುಸಿಎಲ್ ಸಂಘಟನೆಯ ಕರ್ನಾಟಕ ಘಟಕ ಅಧ್ಯಯನ ವರದಿ ಸಿದ್ಧಪಡಿಸಿದ್ದು ತೀರ್ಪಿನ ಬಳಿಕ. ಅದೇ ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನಲ್ಲಿ ಭಿನ್ನ ತೀರ್ಪು ಬಂದಾಗ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಧರ್ಮಶಾಸ್ತ್ರದ ಚರ್ಚೆಯನ್ನು ಬದಿಗಿಟ್ಟು, ಒಬ್ಬ ಹುಡುಗಿಗೆ ಶಾಲೆಯ ಬಾಗಿಲು ಮುಚ್ಚಿದರೆ ಅವಳ ಬದುಕು ಉತ್ತಮಗೊಳ್ಳುವುದೇ ಎಂದು ಕೇಳಿದರು. ನನ್ನ ದೃಷ್ಟಿಯಲ್ಲಿ ಇಡೀ ವಿವಾದದಲ್ಲಿ ಕೇಳಲ್ಪಟ್ಟ ಅತ್ಯಂತ ಪ್ರಾಮಾಣಿಕವಾದ ಪ್ರಶ್ನೆ ಅದೇ.

ಅಂಕಿಅಂಶಗಳ ಬಲ ನಮಗೆ ಗೊತ್ತಿಲ್ಲವೆಂದಲ್ಲ. ಸಾಚಾರ್ ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ, ಸದಸ್ಯ ಕಾರ್ಯದರ್ಶಿ ಅಬೂಸಾಲಿಹ್ ಶರೀಫ್ ಅರ್ಥಶಾಸ್ತ್ರಜ್ಞರು. 2006ರ ಆ ವರದಿ ಮುಸ್ಲಿಮರ ಓಲೈಕೆಯೆಂಬ ಅಪಪ್ರಚಾರವನ್ನು ಜನಗಣತಿ, ಬ್ಯಾಂಕು, ನೌಕರಿಗಳ ಲೆಕ್ಕದಿಂದಲೇ ಪುಡಿಗೈದಿತು. ನೂರು ಭಾಷಣಗಳು ಮಾಡದ ಕೆಲಸವದು. ಆದರೆ ಅದನ್ನು ನಾವು ಭಾಷಣಕ್ಕೇ ಬಳಸಿ ಸವೆಸಿದೆವು.

ನ್ಯಾಯದ ಓದು ನಮ್ಮವರ ನೋವಿಗಷ್ಟೇ ಸೀಮಿತವಾದರೆ ಅದು ಓದೇ ಅಲ್ಲ. 2010ರ ಜುಲೈಯಲ್ಲಿ ಸವಣೂರಿನ ಪುರಸಭೆಯ ಎದುರು ಭಂಗಿ ಸಮುದಾಯದವರು ತಮ್ಮನ್ನು ನೆಲೆಯಿಂದ ಒಕ್ಕಲೆಬ್ಬಿಸುವುದರ ವಿರುದ್ಧ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. ಕಾಗದದಲ್ಲಿ ಇಲ್ಲವಾಗಿದ್ದ ಜನ ಹದಿನೇಳು ವರ್ಷಗಳ ನಂತರ ನಮ್ಮ ನವಾಬರ ಊರಿನ ನಡುಬೀದಿಯಲ್ಲಿ ತಾವಿದ್ದೇವೆಂದು ಹೀಗೆ ತೋರಿಸಿಕೊಳ್ಳಬೇಕಾಯಿತು. ನೆರೆಯವರ ಹಕ್ಕಿನ ಬಗ್ಗೆ ಅಷ್ಟೊಂದು ಉಪದೇಶ ಕೇಳಿದ ಸವಣೂರಿನ ನಮ್ಮ ಮೊಹಲ್ಲಾಗಳಿಗೂ ಆ ಕೇರಿಗೂ ನಡುವಿನ ದೂರ ಎಷ್ಟಿತ್ತು? 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಜಾತಿಯೆಂಬುದು ಏನೆಂದು ಓದದವನ ಕೈಯಲ್ಲಿ ಅದೂ ಒಂದು ಪುಸ್ತಕವಷ್ಟೇ.

ಸಾಹಿತ್ಯವನ್ನೂ ಈ ಓದಿನಿಂದ ಹೊರಗಿಡಬಾರದು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ವೃತ್ತಿಯಿಂದ ವಕೀಲೆ. ಅವರ ಎಲ್ಲ ನಿಲುವುಗಳನ್ನು ನಮ್ಮ ಓದುಗರು ಒಪ್ಪಬೇಕೆಂದಿಲ್ಲ, ಒಪ್ಪದವರು ಬಹಳವಿದ್ದಾರೆಂಬುದೂ ಗೊತ್ತು. ಆದರೆ ತೊರೆಯಲ್ಪಟ್ಟ ಹೆಂಡತಿ ಮುತವಲ್ಲಿಯ ಮುಂದೆ ನಿಂತಾಗ ಅವಳೊಳಗೆ ಏನು ನಡೆಯುತ್ತದೆ ಎಂಬುದು ಯಾವ ಜೀವನಾಂಶದ ಅರ್ಜಿಯಲ್ಲೂ ಬರೆದಿರುವುದಿಲ್ಲ. ಅದನ್ನು ತಿಳಿಯಲು ಕಥೆಯನ್ನೇ ಓದಬೇಕು.

ಇಷ್ಟಾಗಿ ಪ್ರಶ್ನೆಯಿರುವುದು ನಮ್ಮ ಮನೆಗಳಲ್ಲಿ. ಪಿಯುಸಿಯಲ್ಲಿ ಕಲಾ ವಿಭಾಗಕ್ಕೆ ಸೇರಿದ ಮಗನನ್ನು ನಾವು ದಡ್ಡನೆಂದು ತಿಳಿಯುತ್ತೇವೆ. ಮಗಳನ್ನಾದರೆ ಮದುವೆಯಾಗುವ ತನಕ ಹೊತ್ತು ಕಳೆಯಲಿ ಎಂದು ಕಲಾ ವಿಭಾಗಕ್ಕೆ ಕಳುಹಿಸುತ್ತೇವೆ. ಇತಿಹಾಸ ಓದಿದವನಿಗೆ ಅನ್ನವೆಲ್ಲಿದೆ ಎಂಬ ತಂದೆಯ ಆತಂಕ ಸುಳ್ಳಲ್ಲ. ಗ್ಯಾರೇಜಿನಲ್ಲೋ ಹಣ್ಣಿನ ಗಾಡಿಯಲ್ಲೋ ದುಡಿದು ಫೀಸು ಕಟ್ಟುವವನಿಗೆ ‘ಅಂತರ್‌ಶಿಸ್ತೀಯ ಅಧ್ಯಯನ’ ಎಂಬ ಮಾತು ಸಿರಿವಂತರ ಹವ್ಯಾಸದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ, ಶುಲ್ಕ ನಮ್ಮ ಸಾಮಾನ್ಯ ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಬೆಂಗಳೂರಿನ ಶಾಲೆ 2021ರಿಂದ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25ರಷ್ಟು ಮೀಸಲಾತಿಯನ್ನು ಜಾರಿಗೊಳಿಸಿದ್ದರೂ, ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ಹಿರೇಕೆರೂರಿನ ಮಗುವಿಗೆ ಆ ಬಾಗಿಲು ಇನ್ನೂ ಎತ್ತರದಲ್ಲೇ ಇದೆ.

ಆದರೆ ಅದೊಂದೇ ಬಾಗಿಲಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಇದೆ. ಶಿಗ್ಗಾವಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರಬಹುದು. ಅದರ ಕಾಲೇಜುಗಳು ಹುಬ್ಬಳ್ಳಿ ಧಾರವಾಡಗಳಲ್ಲಿವೆ, ನಮ್ಮ ಜಿಲ್ಲೆಯ ರಾಣೆಬೆನ್ನೂರಿನಲ್ಲೂ ಇದೆ. ಅದರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂಬುದು ನಮ್ಮ ಬಹಳ ಮಂದಿ ಪೋಷಕರಿಗೆ ತಿಳಿದಿಲ್ಲ. ಪಿಯುಸಿ ನಂತರ ಐದು ವರ್ಷಗಳ ಕೋರ್ಸಿಗೆ ಸೇರುವವರು ಬಿ.ಎ. ವಿಷಯಗಳನ್ನು ಪಾಸಾಗಲಷ್ಟೇ ಓದುವ ಭಾರವೆಂದು ತಿಳಿಯುವುದು ಎಲ್ಲೆಡೆ ಕಾಣುವ ದೋಷ. ನನ್ನ ಅಭಿಪ್ರಾಯದಲ್ಲಿ ನಮ್ಮ ಪಟ್ಟಣಗಳ ಮಕ್ಕಳಿಗೆ ಹೆಚ್ಚು ಒಗ್ಗುವುದು ಮೊದಲು ಮೂರು ವರ್ಷ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ಪದವಿಯನ್ನು ಮನಸ್ಸಿಟ್ಟು ಮುಗಿಸಿ, ಅನಂತರ ಮೂರು ವರ್ಷಗಳ ಎಲ್‌ಎಲ್‌ಬಿಗೆ ಸೇರುವ ದಾರಿ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ನಿಜ. ಆ ಒಂದು ವರ್ಷದ ಖರ್ಚನ್ನು ಝಕಾತಿನ ಹಣದಿಂದ ಅರ್ಹ ವಿದ್ಯಾರ್ಥಿಗಳಿಗೆ ಕೊಡುವ ಬಗ್ಗೆ ಬೈತುಲ್‌ಮಾಲ್‌ಗಳು ಯೋಚಿಸಬೇಕು. ಆಲಿಮ್ ಪದವಿ ಮುಗಿಸಿದವರು ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡಿಕೊಳ್ಳುವ ಪರಿಪಾಠ ಈಗಾಗಲೇ ಇದೆ. ಅವರಲ್ಲಿ ಕೆಲವರಾದರೂ ಅಲ್ಲಿಗೆ ನಿಲ್ಲದೆ ಕಾನೂನಿನತ್ತ ತಿರುಗಬೇಕು. ಉಸೂಲುಲ್ ಫಿಕ್‌ಹ್ ಓದಿದ ಬುದ್ಧಿಗೆ ಕಾಯ್ದೆಯ ವ್ಯಾಖ್ಯಾನ ಕಷ್ಟವಾಗದು.

ಇನ್ನೊಂದು ಸಂಸ್ಥೆ ನಮ್ಮ ಕಣ್ಣೆದುರಿಗೇ ಇದ್ದೂ ಕಾಣದಂತಾಗಿದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಬದಿಗೆ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದವೆಂದರೆ ಹಾಡು ಕುಣಿತವಷ್ಟೇ ಎಂದು ನಾವು ತಿಳಿದಿದ್ದೇವೆ. ಊರ ಪಂಚಾಯಿತಿಯ ಕಟ್ಟೆಯಲ್ಲಿ ಜಗಳ ಬಗೆಹರಿಯುವ ರೀತಿ, ಕೆರೆಯ ನೀರಿನ ಸರದಿ, ಮೊಹರಮ್ಮಿನ ಅಲಾಬಿಗೆ ಕಟ್ಟಿಗೆ ತರುವ ಹಕ್ಕು ಯಾವ ಜಾತಿಯವರದು ಎಂಬ ಬರೆಯದ ಕಟ್ಟಳೆ, ಇವೆಲ್ಲವೂ ಜಾನಪದವೇ. ಕಡಕೋಳದಂತಹ ಊರುಗಳಲ್ಲಿ ಹಿಂದೂ ಮುಸ್ಲಿಮರು ಜಮೀನು, ದಾರಿ, ಸ್ಮಶಾನಗಳ ತಕರಾರುಗಳನ್ನು ನ್ಯಾಯಾಲಯಕ್ಕೆ ಹೋಗದೆ ಹೇಗೆ ಇತ್ಯರ್ಥ ಮಾಡಿಕೊಂಡು ಬಂದರು ಎಂಬುದನ್ನು ಹಿರಿಯರು ಬದುಕಿರುವಾಗಲೇ ಬರೆದಿಟ್ಟುಕೊಳ್ಳಬೇಕಾಗಿದೆ.

ಕಾಗದಗಳ ವಿಷಯವಂತೂ ಇನ್ನೂ ತುರ್ತಿನದು. ದಾಖಲೆಯಿಲ್ಲದೆ ಬಹುಕಾಲದ ಬಳಕೆಯಿಂದಲೇ ವಕ್ಫ್ ಎನಿಸಿಕೊಳ್ಳುವ ಅವಕಾಶವನ್ನು 2025ರ ಕಾಯ್ದೆ ಮುಂದಕ್ಕೆ ತೆಗೆದುಹಾಕಿದೆ. ಹಾಗಾಗಿ ಹಳೆಯ ದಾಖಲೆಗಳ ಬೆಲೆ ಹಿಂದೆಂದಿಗಿಂತ ಹೆಚ್ಚಾಗಿದೆ. ನಮ್ಮ ಜಿಲ್ಲೆಯ ಹಲವು ಮಸೀದಿ, ದರ್ಗಾಗಳ ಪೆಟ್ಟಿಗೆಗಳಲ್ಲಿ ಗೆದ್ದಲು ಹಿಡಿದ ಪಾರ್ಸಿ ಸನದುಗಳು, ಮೋಡಿಯ ಹಾಳೆಗಳು ಇರುತ್ತವೆ. ಮುತವಲ್ಲಿಗಳಿಗೆ ಅವು ತಬರುಕ್ಕಿನಂತೆ ಪವಿತ್ರ, ಓದಲು ಮಾತ್ರ ಬಾರವು. ಮದ್ರಸಾದಲ್ಲಿ ಕಲಿತ ಪಾರ್ಸಿ ಕೆಲವರಿಗಾದರೂ ನೆನಪಿದೆ. ಮೋಡಿ ಬಲ್ಲವರು ಧಾರವಾಡದ ಕಡೆ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದಾರೆ, ಅವರಲ್ಲಿ ಬಹಳವರು ವಯೋವೃದ್ಧರು, ಬಹಳವರು ಹಿಂದೂಗಳು. ಈ ಬೇಸಗೆ ರಜೆಯಲ್ಲಿ ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರುಗಳಿಂದ ಕಾಲೇಜು ಓದುವ ಇಬ್ಬಿಬ್ಬರು ಹುಡುಗ ಹುಡುಗಿಯರನ್ನು ಅವರ ಬಳಿ ಕಳುಹಿಸಿದರೆ ಬಾರಾಖಡಿಯನ್ನು ಕಲಿಸಲು ಅವರು ಇಲ್ಲವೆನ್ನಲಾರರು.